ಕಬ್ಬಿನ ಹೊಲದ ಮಾಲಿನ್ಯ: ನೀವೇ ಲೆಕ್ಕ ಹಾಕಿ

‘ಗೊಬ್ಬರ ಎಷ್ಟು ಹಾಕಿದಿರಿ?’ ಅಂತ ಕೇಳಿದರೆ ಮುಧೋಳ, ಜಮಖಂಡಿ ಕಡೆ ಸಿಗುವ ಉತ್ತರ: ‘ಹತ್ತು-ಹನ್ನೆರಡು ಚೀಲ’. ಯಾವ ಗೊಬ್ಬರ ಅನ್ನುವುದೇ ಇಲ್ಲ. ಭೂಮಿಯ ಬಿಸಿ ಏರಿಸುವ ಅನಿಲ ನಿಮ್ಮ ಹೊಲದಿಂದ ಎಷ್ಟು ಹೋಗುತ್ತದೆ ಅನ್ನುವ ಲೆಕ್ಕ ಕೆಡುವುದು ಅಲ್ಲೇ.

ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಚೆಕ್ 119 ದೇಶಗಳ ಸುಮಾರು 38,700 ಹೊಲಗಳ ಮಾಹಿತಿ ಸೇರಿಸಿ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದೇ ಬೆಳೆ ಬೆಳೆಯುವವರ ನಡುವೆಯೇ ಮಾಲಿನ್ಯದಲ್ಲಿ ಹಲವು ಪಟ್ಟು ವ್ಯತ್ಯಾಸ ಕಂಡಿತ್ತು. ಹಾಗಾಗಿ ಊರಿನ ಸರಾಸರಿ ನಂಬಬೇಡಿ. ನಿಮ್ಮ ಹೊಲದ್ದನ್ನೇ ಅಳೆಯಿರಿ.

ಹೆಜ್ಜೆ 1: ಒಂದೇ ಎಕರೆ ಆರಿಸಿ. ಕಬ್ಬು ಹಚ್ಚಿದ ದಿನದಿಂದ ಕಟಾವಿನ ತನಕ ಒಂದು ನೋಟ್‌ಬುಕ್ ಇಡಿ.

ಹೆಜ್ಜೆ 2: ಡೀಸೆಲ್, ಕರೆಂಟ್. ಲೀಟರ್ ಡೀಸೆಲ್‌ಗೆ 2.7 ಕೆಜಿ ಇಂಗಾಲದ ಡೈಆಕ್ಸೈಡ್, ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ. ಮೀಟರ್ ಇಲ್ಲದಿದ್ದರೆ 5 ಎಚ್‌ಪಿ ಮೋಟರಿಗೆ ಗಂಟೆಗೆ 4-5 ಯೂನಿಟ್ ಹಿಡಿಯಿರಿ.

ಹೆಜ್ಜೆ 3: ಸರ್ಕಾರಿ ಗೊಬ್ಬರ, ಅಂದರೆ ರಾಸಾಯನಿಕ ಗೊಬ್ಬರ. ಇಲ್ಲಿ ಅವಸರ ಬೇಡ. ಚೀಲ ಎಣಿಸಿದರೆ ಸಾಲದು, ಒಳಗಿನ ಸಾರಜನಕ ಎಣಿಸಬೇಕು. 45 ಕೆಜಿ ಯೂರಿಯಾ ಚೀಲದಲ್ಲಿ 46%, ಅಂದರೆ 20.7 ಕೆಜಿ. 50 ಕೆಜಿ ಡಿಎಪಿಯಲ್ಲಿ 9 ಕೆಜಿ. 50 ಕೆಜಿಯ 10:26:26 ಮಿಶ್ರ ಗೊಬ್ಬರದಲ್ಲಿ (ಮೊದಲ ಅಂಕಿ ಸಾರಜನಕದ ಶೇಕಡಾ) 5 ಕೆಜಿ. ಡಿಎಪಿಯನ್ನು ‘ಅದು ರಂಜಕದ್ದು’ ಅಂತ ಬಿಟ್ಟುಬಿಡುವವರೇ ಜಾಸ್ತಿ. ಬಿಡಬೇಡಿ.

ಎಕರೆಗೆ 8 ಚೀಲ ಯೂರಿಯಾ, 2 ಡಿಎಪಿ, 2 ಚೀಲ 10:26:26 ಹಾಕಿದ್ದೀರಿ ಅಂತಿಟ್ಟುಕೊಳ್ಳಿ. ಒಟ್ಟು ಸಾರಜನಕ ಸುಮಾರು 194 ಕೆಜಿ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಲೆಕ್ಕದಂತೆ ಇದರ ಸುಮಾರು 1% ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. 1% ತಾನೇ ಅಂತ ನಗಬೇಡಿ. ಈ ಅನಿಲ ಕೆಜಿಗೆ ಕೆಜಿ ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಬಿಸಿ ಏರಿಸುತ್ತದೆ. ಎಲ್ಲ ಗುಣಿಸಿದರೆ ಒಂದು ಕೆಜಿ ಸಾರಜನಕವೆಂದರೆ ಸುಮಾರು 4.3 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. ಅಂದರೆ 194ಕ್ಕೆ 830 ಕೆಜಿ ದಾಟಿತು. ಯೂರಿಯಾ ಮಣ್ಣಿನಲ್ಲಿ ಕರಗಿ ಒಡೆಯುವಾಗ ಚೀಲಕ್ಕೆ ಇನ್ನೂ 33 ಕೆಜಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದನ್ನೂ ಕೂಡಿಸಿದರೆ ಸುಮಾರು 1,100 ಕೆಜಿ. ಕಾರ್ಖಾನೆಯಲ್ಲಿ ಗೊಬ್ಬರ ತಯಾರಿಸುವಾಗ ಆದದ್ದು ಬೇರೆ.

ಬೆಳೆ ಹೆಸರು, ಎಕರೆ ಎರಡೇ ಕೇಳಿ ಉತ್ತರ ಹೇಳುವ ಮೊಬೈಲ್ ಆ್ಯಪ್‌ಗಳಿವೆ. ಚೀಲ ಕೇಳದ ಆ್ಯಪ್ ಸುಮ್ನೆ ಜಾಗ ತಿನ್ನುತ್ತದೆ, ಅಳಿಸಿಹಾಕಿ. ಮಣ್ಣಿಗೆ ಚುಚ್ಚಿ ನೋಡುವ ಅಗ್ಗದ ಮೀಟರ್‌ಗಳೂ ಅಷ್ಟೇ. ಮಣ್ಣನ್ನು ಪ್ರಯೋಗಾಲಯಕ್ಕೇ ಕೊಡಿ. ಆದರೆ ಖಾಲಿ ಯೂರಿಯಾ ಚೀಲದಲ್ಲಿ ತುಂಬಿ ಒಯ್ಯಬೇಡಿ!

ಹೆಜ್ಜೆ 4: ರವದಿ, ಅಂದರೆ ಕಬ್ಬಿನ ಒಣ ಎಲೆ. ಸುಟ್ಟಿರಾ, ಬಿಟ್ಟಿರಾ ಅಷ್ಟೇ ಬರೆಯಿರಿ. ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡ್ ಕಬ್ಬು ಗಾಳಿಯಿಂದಲೇ ಹೀರಿದ್ದು, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೀಥೇನ್, ನೈಟ್ರಸ್ ಆಕ್ಸೈಡ್ ಮಾತ್ರ ಹಿಡಿಯುತ್ತಾರೆ. ಹಾಗಂತ ಸುಡಬಹುದು ಅಂತಲ್ಲ. ರವದಿಯಲ್ಲಿದ್ದ ಸಾರಜನಕವೂ ಹೊಗೆಯಾಗಿ ಹೋಗುತ್ತದೆ. ನನ್ನನ್ನು ಕೇಳಿದರೆ ಪುಡಿ ಮಾಡಿಸಿ ಸಾಲಿನಲ್ಲೇ ಹರಡುವುದೇ ಸರಿ. ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ.

ಹೆಜ್ಜೆ 5: ನೀರು. 200 ಲೀಟರ್ ಡ್ರಮ್ ತುಂಬಲು ಎಷ್ಟು ಸೆಕೆಂಡ್ ಬೇಕು ನೋಡಿ. 40 ಸೆಕೆಂಡ್ ಆದರೆ ಗಂಟೆಗೆ 18,000 ಲೀಟರ್. ಎಕರೆಗೆ ಒಂದು ಇಂಚು ನೀರೆಂದರೆ ಒಂದು ಲಕ್ಷ ಲೀಟರಿನ ಮೇಲೆ. ಎರೆ ಹೊಲದಲ್ಲಿ ನೀರು ಜಾಸ್ತಿಯಾದರೆ ಸವಳು-ಜವಳು (ಉಪ್ಪೇರಿ, ನೀರು ನಿಂತು ಮಣ್ಣು ಕೆಡುವುದು) ಗ್ಯಾರಂಟಿ. ಘಟಪ್ರಭಾ ಕಾಲುವೆ ಕೆಳಗಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಹೆಜ್ಜೆ 6: 2, 3ರ ಮೊತ್ತವನ್ನು ಕಾರ್ಖಾನೆ ತೂಕದ ಚೀಟಿಯಲ್ಲಿರುವ ಟನ್ನಿನಿಂದ ಭಾಗಿಸಿ. ರವದಿ, ನೀರಿನದ್ದು ಬೇರೆ ಸಾಲು. ಇಳುವರಿಯನ್ನು ಅಂದಾಜಿನಲ್ಲಿ ಬರೆಯಬೇಡಿ, ಎಲ್ಲರೂ ಎರಡು-ಮೂರು ಟನ್ ಹೆಚ್ಚೇ ಹೇಳುತ್ತಾರೆ.

ಕಡಿಮೆ ಮಾಡಲು ಮೊದಲು ಕೈ ಹಾಕಬೇಕಾದ್ದು ಯೂರಿಯಾಕ್ಕೆ. ನೀರಾವರಿ ಕಬ್ಬಿಗೆ ಶಿಫಾರಸು ಹೆಕ್ಟೇರಿಗೆ ಸುಮಾರು 250 ಕೆಜಿ ಸಾರಜನಕ, ಎಕರೆಗೆ ಸುಮಾರು 100. ಮೇಲಿನ ಉದಾಹರಣೆಯಲ್ಲಿ ಡಿಎಪಿ, 10:26:26 ಸೇರಿ 28 ಕೆಜಿ ಆಗಲೇ ಬಂದಿದೆ. ಯೂರಿಯಾ 4 ಚೀಲ ಸಾಕು. ಸುಮಾರು 490 ಕೆಜಿ ಮಾಲಿನ್ಯ ತಪ್ಪಿತು, 4 ಚೀಲದ ದುಡ್ಡೂ ಉಳಿಯಿತು. ಮಣ್ಣಿನ ವರದಿ ನೋಡಿಕೊಂಡು ಹಂತ ಹಂತವಾಗಿ ಇಳಿಸಿ. ಇದ್ದದ್ದನ್ನು ಮೂರು-ನಾಲ್ಕು ಕಂತಿನಲ್ಲಿ ಕೊಟ್ಟು ಮಣ್ಣು ಮುಚ್ಚಿ. ಮೇಲೆ ಎರಚಿ ಕಾಲುವೆ ನೀರು ತುಂಬಿಸಿ ಬಿಡುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ, ನೈಟ್ರಸ್ ಆಕ್ಸೈಡ್ ಹೆಚ್ಚು ಹೊರಬೀಳುವುದೇ ಆಗ. ಡ್ರಿಪ್ ಇದ್ದವರು ಅದರಲ್ಲೇ ಕೊಡಲಿ.

ಕುಳೆ ಕಬ್ಬಿಗೆ (ಕಟಾವಿನ ನಂತರ ಬುಡದಿಂದ ಮತ್ತೆ ಚಿಗುರಿದ ಬೆಳೆಗೆ) ನೋಟ್‌ಬುಕ್ಕಿನಲ್ಲಿ ಬೇರೆ ಪುಟ ತೆಗೆಯಿರಿ, ಹಚ್ಚಿದ ಕಬ್ಬಿನ ಲೆಕ್ಕದ ಜೊತೆ ಬೆರೆಸಬೇಡಿ.