ಹುಡುಗಿ ರಾತ್ರಿ ಎಲ್ಲಿ ಮಲಗಬೇಕು? ಗುಳೆ ಹೋಗುವ ಮನೆಗಳಲ್ಲಿ ನನ್ನ ಅನುಭವ

ಬಾಲ್ಯವಿವಾಹ ನಿಲ್ಲಬೇಕಾದರೆ, ಅಪ್ಪ-ಅಮ್ಮ ದುಡಿಯಲು ಊರು ಬಿಟ್ಟು ಗುಳೆ ಹೋದಾಗ ಹುಡುಗಿ ರಾತ್ರಿ ಎಲ್ಲಿ ಮಲಗಬೇಕು ಎಂಬುದು ಮೊದಲು ಬಗೆಹರಿಯಬೇಕು, ಅಜ್ಜಿಯನ್ನು ಊರಲ್ಲೇ ಉಳಿಸಲು ಆಡು ಕೊಡಿಸೋಣ ಎಂದು ಮೂರು ವರ್ಷದ ಹಿಂದೆ ತಾಲೂಕು ಸಭೆಯಲ್ಲಿ ಮಾತು ಎತ್ತಿದಾಗ ಯಾರೂ ಒಪ್ಪಲಿಲ್ಲ. "ಅಕ್ಕಾರ, ಬಾಲ್ಯವಿವಾಹ ನಿಲ್ಲಸಾಕ ಕಾಯ್ದೆ ಐತಿ, ಮಕ್ಕಳ ಸಹಾಯವಾಣಿ 1098 ಐತಿ. ನೀವು ಮುದುಕಿಗೆ ಆಡು ಕೊಡಸಾಕ ಹೊಂಟೀರಲ್ಲ" ಅಂದರು. ಈ ವರ್ಷ ಅವೇ ಹಳ್ಳಿಗಳಿಂದ ಇಪ್ಪತ್ತಾರೋ ಇಪ್ಪತ್ತೇಳೋ ಹುಡುಗಿಯರು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತರು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೆಲಸ ರಾಯಚೂರು ಜಿಲ್ಲೆಯ ದೇವದುರ್ಗದ ಕಡೆ. ದೀಪಾವಳಿ ಮುಗಿಯಿತೆಂದರೆ ಅರ್ಧ ಓಣಿ ಬೆಂಗಳೂರು, ಪುಣೆಗೆ ಗುಳೆ ಹೋಗುತ್ತದೆ.

ಮೊದಲೆಲ್ಲ ನಾನೂ ಮಂಟಪಕ್ಕೇ ಓಡುತ್ತಿದ್ದೆ. ಒಂದು ಕಡೆ ಪೊಲೀಸರ ಜೊತೆ ಹೋದಾಗ ಹುಗ್ಗಿ ಕುದಿಯುತ್ತಿತ್ತು. ತಂದೆ ಮಾಡಿದ ಸಾಲ ಎಂಬತ್ತು ಸಾವಿರದ ಹತ್ತಿರ. ಮುಚ್ಚಳಿಕೆ ಬರೆಸಿಕೊಂಡು ಬಂದೆವು. ಮೂರೇ ವಾರ, ಗಡಿ ದಾಟಿ ಯಾವುದೋ ಗುಡಿಯಲ್ಲಿ ತಾಳಿ ಕಟ್ಟಿಸಿಬಿಟ್ಟರು. ಕಾಯ್ದೆಗೆ ಕರ್ನಾಟಕ ತಂದ 2016ರ ತಿದ್ದುಪಡಿ ಪ್ರಕಾರ ಬಾಲ್ಯವಿವಾಹ ಅಸಿಂಧು, ನಿಜ. ಆದರೆ ಬಸುರಿಯಾಗಿ ತವರಿಗೆ ಬಂದ ಹದಿನಾರರ ಹುಡುಗಿಗೆ ಅದನ್ನು ಹೇಗೆ ಹೇಳಲಿ? ನನ್ನ ಮುಖ ನೋಡದೆ, ಉಗುರಿನಿಂದ ಗೋಡೆಯ ಸುಣ್ಣ ಕೆರೆಯುತ್ತಾ ನಿಂತಿದ್ದಳು. ಅವಳ ತಾಯಿ ಅಂದಳು: "ಮದುವಿ ಬ್ಯಾಡ ಅಂದ್ರಿ. ನಾವು ಗುಳೇ ಹೋದ್ರ ಈಕಿ ರಾತ್ರಿ ಎಲ್ಲಿ ಮಲಗಬೇಕಿತ್ರಿ?"

ಆ ಪ್ರಶ್ನೆಯನ್ನೇ ಈಗ ನಾನು ಮೊದಲು ಕೇಳುತ್ತೇನೆ. ಮದುವೆಗಳು ನಡೆಯುವ ಅಕ್ಷಯ ತೃತೀಯದ ಹೊತ್ತಿಗೆ ಹೋದರೆ ಏನೂ ಉಪಯೋಗವಿಲ್ಲ. ಬಿತ್ತಾಕ ಊರಿಗೆ ಬಂದಿರುತ್ತಾರಲ್ಲ, ಕಾರಹುಣ್ಣಿಮೆಯ ಆಸುಪಾಸು, ಆಗಲೇ ಹೋಗಬೇಕು. ಆಗ ಹಾಸ್ಟೆಲ್ ಸೀಟೂ ಸಿಗುತ್ತದೆ, ಗುಳೆಗೆ ಕರೆದೊಯ್ಯುವ ಮೇಸ್ತ್ರಿಯ ಮುಂಗಡವೂ ಬಂದಿರುವುದಿಲ್ಲ. ಟ್ರಂಕಿನಿಂದ ಭಾಗ್ಯಲಕ್ಷ್ಮಿ ಬಾಂಡ್ ತೆಗೆಸಿ, 18ಕ್ಕೆ ಮೊದಲು ಮದುವೆಯಾದರೆ ಈ ದುಡ್ಡು ಇಲ್ಲ ಅಂತ ಓದಿ ಹೇಳುತ್ತೇನೆ. ತಂದೆ ತೀರಿಕೊಂಡ ಮನೆಯಾದರೆ, ಆದಾಯ ವರ್ಷಕ್ಕೆ 72,000ದ ಒಳಗಿದ್ದರೆ, ಮಗುವಿಗೆ ಸರ್ಕಾರ ಕೊಡುವ ತಿಂಗಳಿಗೆ 4,000ದ ಪ್ರಾಯೋಜಕತ್ವದ (ಸ್ಪಾನ್ಸರ್‌ಶಿಪ್) ಅರ್ಜಿ ಅವತ್ತೇ ತುಂಬಿಸುವುದು.

ಹಾಸ್ಟೆಲ್ ಒಲ್ಲೆ ಅನ್ನುವ ಮನೆಗಳಲ್ಲಿ ಅಜ್ಜಿಯೇ ಆಧಾರ. ಆದರೆ ಕೂಸು ನೋಡಿಕೊಳ್ಳಲು ಅವಳನ್ನೂ ಬೆಂಗಳೂರಿಗೆ ಕರೆದೊಯ್ಯುತ್ತಾರೆ. ಆಡಿನ ವಿಚಾರ ಹುಟ್ಟಿದ್ದು ಅಲ್ಲಿ. ಒಂದಕ್ಕೆ ಆರೇಳು ಸಾವಿರ. ಗಬ್ಬದ ಆಡು ಬಿಟ್ಟು ಯಾವ ಅಜ್ಜಿಯೂ ಕದಲಲಿಲ್ಲ. ಅದಕ್ಕೂ ಮೊದಲು ತಾಯಂದಿರಿಗೆ ಮೂರು ಹೊಲಿಗೆ ಯಂತ್ರ ಕೊಡಿಸಿದ್ದೆ, ಎರಡು ಒತ್ತೆಗೆ ಹೋದವು. ಆ ದುಡ್ಡು ಈಗಲೂ ಹೊಟ್ಟೆ ಉರಿಸುತ್ತದೆ.

ಇನ್ನೊಂದು ತೊಡಕು ರೇಷನ್. ಕಳೆ ಕಿತ್ತು ಕಿತ್ತು ಅಜ್ಜಿಯರ ಹೆಬ್ಬೆಟ್ಟು ಸವೆದಿರುತ್ತದೆ, ಯಂತ್ರ ಹಿಡಿಯುವುದಿಲ್ಲ. 15 ತುಂಬಿದ ಹುಡುಗಿಯರ ಬೆರಳಚ್ಚು ಆಧಾರ್‌ನಲ್ಲಿ ಹೊಸದಾಗಿ ಮಾಡಿಸಿದೆ. ಈಗ ಅಕ್ಕಿ ಬರುವುದು ಅವರ ಹೆಬ್ಬೆಟ್ಟಿಗೆ.

ಒಂದು ಮನೆಗೆ ಬೇಕಾಗಿದ್ದು ಬರೀ ಬಾಗಿಲು. ಗೋಣಿಚೀಲ ಇಳಿಬಿಟ್ಟಿದ್ದರು. ತಗಡಿನ ಬಾಗಿಲು, ಒಳಗಿನಿಂದ ಅಗಳಿ, ಮೂರು ಸಾವಿರ ಚಿಲ್ಲರೆ ಆಯಿತು. ಅದು ಯಾವ ಯೋಜನೆಯ ಲೆಕ್ಕದಲ್ಲೂ ಕೂಡುವುದಿಲ್ಲ, ನನ್ನ ಸಂಬಳದಿಂದಲೇ ಕೊಟ್ಟೆ. ಆ ತಂದೆ ಅಗಳಿಯನ್ನು ನಾಲ್ಕು ಸಲ ಹಾಕಿ ತೆಗೆದು ನೋಡಿ, ಬೀಗರಿಗೆ ಫೋನ್ ಮಾಡಿ "ಎರಡ ವರ್ಷ ತಡೀರಿ" ಅಂದ. ಪೊಲೀಸ್ ಜೀಪು ಹೋಗಿಯೂ ನಿಲ್ಲದ ಮದುವೆಗಳನ್ನು ಕಂಡವಳು ನಾನು, ಇದು ನಿಂತಿದೆ.

ಯಾವ ಮನೆಯಲ್ಲಿ ಮದುವೆ ಮಾತುಕತೆ ನಡೆದಿದೆ ಎಂಬ ಸುದ್ದಿ ನನಗೆ ಹೇಗೆ ಮುಟ್ಟುತ್ತದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಆ ಬಾಯಿ ಮುಚ್ಚಿಸುತ್ತಾರೆ.

ಈ ಸಲ ಒಂದು ಮನೆ ಇನ್ನೂ ಬಗೆಹರಿದಿಲ್ಲ. ಹುಡುಗಿ ಒಂಬತ್ತನೆಯ ತರಗತಿ, ಅಜ್ಜಿ ಇಲ್ಲ. ಸೋದರತ್ತೆ ಇಟ್ಟುಕೊಳ್ಳುತ್ತೇನೆ ಅನ್ನುತ್ತಾಳೆ, ಆದರೆ ಅವಳ ಗಂಡ ಕುಡಿಯುತ್ತಾನೆ. ಅಲ್ಲಿಗೆ ನಾನು ಕಳಿಸುವುದಿಲ್ಲ. ದೀಪಾವಳಿಗೆ ಇನ್ನೂ ಎರಡು ತಿಂಗಳಿದೆ.