ಮಗುವಿನ ಶಿಬಿರಕ್ಕೆ ಸ್ಲೀಪಿಂಗ್ ಮ್ಯಾಟ್ ಆರಿಸುವುದು ಹೇಗೆ?

ಡಿಸೆಂಬರ್ ಬಂತೆಂದರೆ ನಮ್ಮ ಅನೇಕ ಶಾಲೆಗಳು ಮಕ್ಕಳನ್ನು ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಡೆಗೆ ಎರಡು ಮೂರು ರಾತ್ರಿಗಳ ಶಿಬಿರಕ್ಕೆ ಕರೆದೊಯ್ಯುತ್ತವೆ. ಅದಕ್ಕೂ ಮೊದಲು ಮನೆಗೆ ಬರುವ ಸಾಮಾನಿನ ಪಟ್ಟಿಯಲ್ಲಿ ಟಾರ್ಚು, ಸ್ವೆಟರು, ನೀರಿನ ಬಾಟಲಿಗಳ ನಡುವೆ ‘ಸ್ಲೀಪಿಂಗ್ ಮ್ಯಾಟ್ 1’ ಎಂದಷ್ಟೇ ಇರುತ್ತದೆ. ಯಾವ ಬಗೆಯದು, ಎಷ್ಟು ಉದ್ದದ್ದು, ಎಷ್ಟು ದಪ್ಪದ್ದು ಎಂಬುದನ್ನು ತಂದೆತಾಯಿಯರೇ ನಿರ್ಧರಿಸಿಕೊಳ್ಳಬೇಕು. ಅಂಗಡಿಯಲ್ಲಿ ಬಹುಪಾಲು ಜನ ಕೈಯಿಂದ ಒತ್ತಿ ನೋಡಿ, ಮೆತ್ತಗಿದ್ದುದನ್ನು ಕೊಂಡು ಬರುತ್ತಾರೆ. ಆದರೆ ಮ್ಯಾಟಿನ ಮುಖ್ಯ ಕೆಲಸ ಮೆತ್ತಗಿರುವುದಲ್ಲ, ನೆಲದ ಥಂಡಿಯನ್ನು ಮೈಗೆ ತಾಕದಂತೆ ತಡೆಯುವುದು.

ಚಳಿಗಾಲದಲ್ಲಿ ಮಲೆನಾಡಿನ ರಾತ್ರಿಯ ಉಷ್ಣಾಂಶ ಹತ್ತರಿಂದ ಹದಿನೈದು ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ಮಲಗಿದವರ ಮೈಯ ಬಿಸಿಯನ್ನು ನೆಲವು ನೇರ ಸ್ಪರ್ಶದಿಂದ ಎಳೆದುಕೊಳ್ಳುತ್ತಲೇ ಇರುತ್ತದೆ, ಮತ್ತು ಒದ್ದೆ ನೆಲವಾದರೆ ಇನ್ನೂ ಬೇಗ. ‘ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಇದೆಯಲ್ಲ, ಮ್ಯಾಟ್ ಯಾಕೆ?’ ಎಂದು ಕೇಳುವವರಿದ್ದಾರೆ. ಬ್ಯಾಗಿನೊಳಗಿನ ಹತ್ತಿ ಅಥವಾ ನಾರು ಬೆಚ್ಚಗಿಡುವುದು ತನ್ನ ನಡುವೆ ಹಿಡಿದಿಟ್ಟುಕೊಂಡ ಗಾಳಿಯಿಂದ. ಮೈಭಾರ ಬಿದ್ದ ಕಡೆ ಆ ಗಾಳಿಯೆಲ್ಲ ಹೊರಗೆ ಹೋಗಿ ಬಟ್ಟೆ ಚಪ್ಪಟೆಯಾಗುವುದರಿಂದ ಬೆನ್ನಿನ ಕೆಳಗೆ ಅದು ಹೆಚ್ಚೇನೂ ಮಾಡಲಾರದು. ಮೇಲೆ ಎಷ್ಟು ಹೊದ್ದರೂ ಮಗು ನಡುರಾತ್ರಿ ಚಳಿಯೆಂದು ಎದ್ದು ಕೂರುವುದಕ್ಕೆ ಹಲವು ಸಲ ಕಾರಣ ಕೆಳಗಿನ ಹಾಸೇ.

ಅಂಗಡಿಗಳಲ್ಲಿ ಸಿಗುವ ಮ್ಯಾಟುಗಳು ಮೂರು ಬಗೆಯವು: ಸುರುಳಿ ಸುತ್ತುವ ಅಥವಾ ಮಡಿಸುವ ಫೋಮ್ ಮ್ಯಾಟ್, ವಾಲ್ವ್ ತೆರೆದರೆ ತಾನೇ ಉಬ್ಬುವ ಸೆಲ್ಫ್ ಇನ್‌ಫ್ಲೇಟಿಂಗ್ ಮ್ಯಾಟ್, ಮತ್ತು ಬಾಯಿಯಿಂದಲೋ ಪಂಪಿನಿಂದಲೋ ಊದುವ ಗಾಳಿ ಹಾಸಿಗೆ. ಎಂಟರಿಂದ ಹನ್ನೆರಡು ವರ್ಷದ ಮಗುವಿನ ಮೊದಲ ಶಿಬಿರಕ್ಕೆ ನನ್ನ ಆಯ್ಕೆ ನಿಸ್ಸಂಶಯವಾಗಿ ಫೋಮ್ ಮ್ಯಾಟ್. ಗಾಳಿ ಹಾಸಿಗೆ ಮೆತ್ತಗಿರುತ್ತದೆ ನಿಜ. ಆದರೆ ಒಂದು ಲಂಟಾನ ಕಡ್ಡಿ, ಒಂದು ಚೂಪು ಕಲ್ಲು, ಕ್ಯಾಂಪ್‌ಫೈರಿನಿಂದ ಹಾರಿದ ಒಂದು ಕಿಡಿ ಸಾಕು, ಉಳಿದ ರಾತ್ರಿಗಳನ್ನು ಮಗು ಬರಿಯ ಪ್ಲಾಸ್ಟಿಕ್ ಹಾಳೆಯ ಮೇಲೆ ಕಳೆಯಬೇಕಾಗುತ್ತದೆ. ಮೂವತ್ತು ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕರಿಗೆ ರಾತ್ರಿ ಹತ್ತು ಗಂಟೆಗೆ ಪಂಚರ್ ಹಚ್ಚಿಕೊಡುವ ವ್ಯವಧಾನವಿರುವುದಿಲ್ಲ. ತಾನೇ ಉಬ್ಬುವ ಮ್ಯಾಟಿನ ಕಷ್ಟ ಬೆಳಿಗ್ಗೆಯದು: ಗಾಳಿಯನ್ನೆಲ್ಲ ಹಿಂಡಿ ತೆಗೆದು ಅದರ ಚಿಕ್ಕ ಚೀಲದೊಳಗೆ ತುರುಕುವುದಕ್ಕೆ ದೊಡ್ಡವರೇ ಮೊಣಕಾಲೂರಿ ಕುಳಿತು ಹೆಣಗಬೇಕಾಗುತ್ತದೆ.

ಫೋಮಿನಲ್ಲೂ ಎಲ್ಲವೂ ಒಂದೇ ಅಲ್ಲ. ಕೊಳ್ಳಬೇಕಾದ್ದು ಮುಚ್ಚಿದ ಕೋಶಗಳ ಫೋಮ್, ಅಂದರೆ ಒಳಗಿನ ಒಂದೊಂದು ಗುಳ್ಳೆಯೂ ಪ್ರತ್ಯೇಕವಾಗಿ ಮುಚ್ಚಿಕೊಂಡು, ನೀರು ಒಳಹೋಗಲು ದಾರಿಯಿಲ್ಲದಂಥದ್ದು. ಲೇಬಲ್ಲಿನಲ್ಲಿ ಇವಿಎ, ಎಕ್ಸ್‌ಎಲ್‌ಪಿಇ ಅಥವಾ ಎಕ್ಸ್‌ಪಿಇ ಎಂದು ಬರೆದಿರುತ್ತದೆ. ಸೋಫಾ ದಿಂಬಿನೊಳಗಿನ ಸ್ಪಂಜು ಇದಕ್ಕೆ ವಿರುದ್ಧ: ಅದರ ರಂಧ್ರಗಳೆಲ್ಲ ಒಂದಕ್ಕೊಂದು ತೆರೆದುಕೊಂಡಿರುವುದರಿಂದ ಇಬ್ಬನಿಯ ನೀರನ್ನೂ ಹೀರಿಕೊಳ್ಳುತ್ತದೆ. ಲೇಬಲ್ ಇಲ್ಲದಿದ್ದರೆ ಅಂಚನ್ನು ಎರಡು ಬೆರಳುಗಳ ನಡುವೆ ಹಿಡಿದು ಬಲವಾಗಿ ಅಮುಕಿ ನೋಡಬೇಕು. ಸ್ಪಂಜು ಸದ್ದಿಲ್ಲದೆ ಕಾಗದದಷ್ಟು ತೆಳುವಾಗಿಬಿಡುತ್ತದೆ. ಮುಚ್ಚಿದ ಕೋಶದ ಫೋಮ್ ಬೆರಳಿಗೆ ಎದುರೊತ್ತುತ್ತದೆ, ಹೆಬ್ಬೆರಳಿನ ಗುರುತು ಬಿದ್ದರೂ ನಿಧಾನವಾಗಿ ಮೇಲೆದ್ದು ಮಾಯವಾಗುತ್ತದೆ. ಗುರುತು ಹಾಗೆಯೇ ಉಳಿದರೆ ಆ ಫೋಮ್ ಬಹಳ ದಿನ ಬಾಳುವುದಿಲ್ಲವೆಂದು ತಿಳಿಯಬಹುದು.

ಮಕ್ಕಳ ಮೈತೂಕ ಕಡಿಮೆಯಿರುವುದರಿಂದ ಸೊಂಟ, ಭುಜಗಳಿಗೆ ನೆಲ ಒತ್ತುವುದೂ ಕಡಿಮೆ. ಆದ್ದರಿಂದ ದೊಡ್ಡವರು ಗೊಣಗುವ 10 ಮಿಲಿಮೀಟರ್ ದಪ್ಪದ ಮ್ಯಾಟಿನ ಮೇಲೆ ಮಕ್ಕಳು ಗಾಢವಾಗಿ ನಿದ್ದೆ ಮಾಡುತ್ತಾರೆ. ಮನೆಯಲ್ಲಿರುವ ಯೋಗ ಮ್ಯಾಟೇ ಸಾಲದೇ ಎಂಬ ಪ್ರಶ್ನೆ ಸಹಜ. ಅವು ಸಾಮಾನ್ಯವಾಗಿ 4ರಿಂದ 6 ಮಿಲಿಮೀಟರ್ ದಪ್ಪದವು. ಛತ್ರದ ಹಾಲಿನಲ್ಲೋ ಶಾಲೆಯ ಕೊಠಡಿಯಲ್ಲೋ ಮಲಗುವುದಾದರೆ ನಡೆಯುತ್ತದೆ, ಡೇರೆಯೊಳಗೆ ಮಣ್ಣಿನ ನೆಲದ ಮೇಲಾದರೆ ಸಾಲದು. ಪಿವಿಸಿಯವು ಭಾರವೂ ಹೌದು. ನಮ್ಮ ಹುಲ್ಲಿನ ಚಾಪೆ ಬೇಸಿಗೆಗೆ ಹಿತ, ಏಕೆಂದರೆ ಅದರೊಳಗೆ ಗಾಳಿಯಾಡುತ್ತದೆ. ಅದೇ ಕಾರಣಕ್ಕೆ ಚಳಿಗಾಲದ ಡೇರೆಗೆ ಅದು ತಕ್ಕುದಲ್ಲ. ಜಮಖಾನ ತೇವ ಹೀರಿದರೆ ಬೇಗ ಒಣಗದು. ಉಣ್ಣೆಯ ಕಂಬಳಿ ಮಾತ್ರ ಸ್ವಲ್ಪ ಒದ್ದೆಯಾದರೂ ಬೆಚ್ಚಗಿಡುತ್ತದೆ, ಆದರೆ ತೂಕದಿಂದಾಗಿ ವಾಹನ ಶಿಬಿರದ ಬಾಗಿಲವರೆಗೂ ಹೋಗುವುದಾದರೆ ಮಾತ್ರ ಅದನ್ನು ಕಳಿಸಬಹುದು.

ದುಬಾರಿ ಮ್ಯಾಟುಗಳ ಮೇಲೆ ಆರ್-ವ್ಯಾಲ್ಯೂ ಎಂಬ ಅಂಕಿ ಕಾಣುತ್ತದೆ. ಶಾಖ ಹೊರಹೋಗದಂತೆ ತಡೆಯುವ ಶಕ್ತಿಯ ಅಳತೆ ಅದು. ಅಂಕಿ ಹೆಚ್ಚಿದಷ್ಟೂ ಬೆಚ್ಚಗೆ. ಮೊದಲು ಕಂಪನಿಗಳು ತಮತಮಗೆ ತೋಚಿದಂತೆ ಅಳೆಯುತ್ತಿದ್ದವು. 2018ರಲ್ಲಿ ಎಎಸ್‌ಟಿಎಂ ಎಫ್ 3340 ಎಂಬ ಮಾನದಂಡ ಬಂದ ಮೇಲೆ, ಅದರಂತೆ ಪರೀಕ್ಷಿಸಿದ ಬೇರೆ ಬೇರೆ ಕಂಪನಿಗಳ ಮ್ಯಾಟುಗಳನ್ನು ಹೋಲಿಸಿ ನೋಡುವುದು ಸಾಧ್ಯವಾಯಿತು. ಕರ್ನಾಟಕದ ಚಳಿಗೆ 1ರಿಂದ 2 ಇದ್ದರೆ ಸಾಕು. ಬೇಸಿಗೆ ರಜೆಯಲ್ಲಿ ಹಿಮಾಚಲ, ಉತ್ತರಾಖಂಡದ ಎತ್ತರದ ಶಿಬಿರಗಳಿಗೆ ಹೋಗುವ ದೊಡ್ಡ ಮಕ್ಕಳಿಗೆ 3ಕ್ಕಿಂತ ಹೆಚ್ಚಿರಲಿ. ಒಂದರ ಮೇಲೊಂದು ಹಾಸಿದರೆ ಈ ಅಂಕಿಗಳು ಕೂಡಿಕೊಳ್ಳುತ್ತವೆ. ಹಾಗಾಗಿ ಒಂದು ಚಳಿಯ ಶಿಬಿರಕ್ಕೆಂದೇ ಹೊಸದನ್ನು ಕೊಳ್ಳುವ ಬದಲು ಇರುವ ಫೋಮ್ ಮ್ಯಾಟಿನ ಕೆಳಗೆ ಯೋಗ ಮ್ಯಾಟನ್ನು ಹಾಸುವುದೂ ಒಂದು ದಾರಿ.

ಉದ್ದ ಮಗುವಿನ ಎತ್ತರಕ್ಕಿಂತ 15 ಸೆಂಟಿಮೀಟರ್ ಹೆಚ್ಚಿದ್ದರೆ ಸಾಕಾಗುತ್ತದೆ. ದೊಡ್ಡವರ ಮ್ಯಾಟು ಸಾಮಾನ್ಯವಾಗಿ 180 ಸೆಂಟಿಮೀಟರ್ ಉದ್ದ, 50ರಿಂದ 60 ಸೆಂಟಿಮೀಟರ್ ಅಗಲವಿರುತ್ತದೆ. 125 ಸೆಂಟಿಮೀಟರ್ ಎತ್ತರದ ಮಗುವಿಗೆ ಅದನ್ನು 140ಕ್ಕೆ ಕತ್ತರಿಸಬಹುದು. ಉಳಿದ ತುಂಡು ಕ್ಯಾಂಪ್‌ಫೈರ್ ಸುತ್ತ ಕೂರಲು ಮಣೆಯಂತೆ ಒದಗುತ್ತದೆ, ಕಿಡಿ ಸಿಡಿಯದಷ್ಟು ದೂರ ಕೂರಬೇಕೆಂದು ಮಾತ್ರ ಹೇಳಿಕೊಡಿ. ಮಗು ಮುಂದಿನ ವರ್ಷ ಬೆಳೆಯುತ್ತದಲ್ಲ ಎಂದು ಕತ್ತರಿಸದೆ ಕಳಿಸುವವರು ಸುರುಳಿಯ ಗಾತ್ರವನ್ನು ಒಮ್ಮೆ ನೋಡಬೇಕು. ಬ್ಯಾಗಿನ ಕೆಳಗೆ ಅಡ್ಡ ಕಟ್ಟಿದ ಸುರುಳಿ ಕಾಫಿ ತೋಟದ ಕಾಲುದಾರಿಯಲ್ಲಿ ಗಿಡಗಂಟಿಗಳಿಗೆಲ್ಲ ಸಿಕ್ಕಿಕೊಳ್ಳುತ್ತದೆ.

ತೂಕದ ವಿಷಯದಲ್ಲಿ ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿ ಹೇಳುವ ಮಿತಿಯನ್ನೇ ಇಲ್ಲಿಗೂ ಇಟ್ಟುಕೊಳ್ಳಬಹುದು: ಮಗುವಿನ ಮೈತೂಕದ ಶೇ. 10. ಅಂದರೆ 25 ಕಿಲೋ ತೂಗುವ ಮಗು ಹೊರಬೇಕಾದ್ದು ಎರಡೂವರೆ ಕಿಲೋ. ಬಟ್ಟೆ, ನೀರು, ಹೊದಿಕೆಗಳ ಜೊತೆ ಒಂದು ಕಿಲೋ ಮ್ಯಾಟೂ ಸೇರಿದರೆ ಲೆಕ್ಕ ತಪ್ಪುತ್ತದೆ. ಫೋಮಿನದಾದರೆ ಮುನ್ನೂರರಿಂದ ನಾನೂರು ಗ್ರಾಂನಲ್ಲಿ ಮುಗಿಯುತ್ತದೆ.

ಹೊಸ ಮ್ಯಾಟಿಗೆ ಘಾಟು ವಾಸನೆಯಿದ್ದರೆ ಅದನ್ನು ಹಗುರವಾಗಿ ಎಣಿಸಬಾರದು. ಮಕ್ಕಳ ಆಟಕ್ಕೆ ಹಾಸುವ ಜೋಡಣೆ ಫೋಮ್ ಚಾಪೆಗಳಲ್ಲಿ ಫಾರ್ಮಮೈಡ್ ಎಂಬ ರಾಸಾಯನಿಕ ಕಂಡುಬಂದಿತೆಂದು 2010ರಲ್ಲಿ ಬೆಲ್ಜಿಯಂ ಅವುಗಳ ಮಾರಾಟವನ್ನೇ ನಿಷೇಧಿಸಿತ್ತು. ಬಿಚ್ಚಿ ನಾಲ್ಕು ದಿನ ನೆರಳಿನಲ್ಲಿ ಗಾಳಿಗೆ ಹಾಕಿದ ಮೇಲೂ ವಾಸನೆ ಹೋಗದಿದ್ದರೆ ಅಂಗಡಿಗೆ ಹಿಂತಿರುಗಿಸುವುದು ಒಳ್ಳೆಯದು.

ಕೊಂಡ ಮೇಲೆ ಮಗುವನ್ನು ಒಂದು ರಾತ್ರಿ ಮನೆಯ ನೆಲದ ಮೇಲೆ ಅದರಲ್ಲೇ ಮಲಗಿಸಿ, ಬೆಳಿಗ್ಗೆ ಅದೇ ಸುತ್ತಿ ಕಟ್ಟುವಂತೆ ಮಾಡಿ. ಹೊಸ ಫೋಮ್ ಸುರುಳಿಯ ಆಕಾರವನ್ನು ಬಿಡದೆ ಎರಡೂ ತುದಿಯಲ್ಲಿ ಮೇಲೆ ಬಾಗಿಕೊಳ್ಳುತ್ತದೆ. ಒಮ್ಮೆ ಹಿಂದುಮುಂದಾಗಿ ಸುತ್ತಿ ಬಿಚ್ಚಿದರೆ ಸಪಾಟಾಗುತ್ತದೆ. ಸುತ್ತುವಾಗ ಪ್ರತಿ ಸುತ್ತಿಗೂ ಮೊಣಕಾಲಿನಿಂದ ಒತ್ತಿ ಹಿಡಿದರೆ ಸುರುಳಿ ಸಡಿಲವಾಗುವುದಿಲ್ಲ. ಎಲಾಸ್ಟಿಕ್ ಪಟ್ಟಿ ಕಳೆದುಹೋಗುವುದು ಖಚಿತವಾದ್ದರಿಂದ ಎರಡು ಗಟ್ಟಿ ಲಾಡಿಗಳನ್ನು ಜೊತೆಗಿಡಿ. ಎಲ್ಲರ ಮ್ಯಾಟೂ ನೀಲಿಯೋ ಬೂದಿಯೋ ಆಗಿರುವುದರಿಂದ ಹೊರಗೆ ಕಾಣುವ ಮೂಲೆಯಲ್ಲಿ ಅಳಿಸದ ಮಾರ್ಕರಿನಿಂದ ಹೆಸರು ಬರೆದಿರಬೇಕು. ಡೇರೆಯ ನೆಲ ಇಳಿಜಾರಾಗಿದ್ದರೆ ತಲೆ ಎತ್ತರದ ಕಡೆಗಿರಲಿ ಎಂಬುದನ್ನೂ, ಮ್ಯಾಟಿನ ಕೆಳಗೆ ತೆಳುವಾದ ಟಾರ್ಪಾಲು ಹಾಸಬೇಕೆಂಬುದನ್ನೂ ಅದೇ ರಾತ್ರಿ ತೋರಿಸಿಕೊಡಬಹುದು.

ಹಾಸಿಗೆ ಒದ್ದೆ ಮಾಡಿಕೊಳ್ಳುವ ಅಭ್ಯಾಸ ಇನ್ನೂ ಪೂರ್ತಿ ಹೋಗಿರದ ಮಕ್ಕಳು ಶಿಬಿರವೆಂದರೆ ಒಳಗೊಳಗೇ ಹೆದರುತ್ತಾರೆ, ಆದರೆ ಬಾಯಿಬಿಡುವುದಿಲ್ಲ. ಮುಚ್ಚಿದ ಕೋಶದ ಫೋಮನ್ನು ಒರೆಸಿದರೆ ಎರಡೇ ನಿಮಿಷದಲ್ಲಿ ಒಣಗುತ್ತದೆ, ಕಲೆ ನಿಲ್ಲುವುದಿಲ್ಲ, ವಾಸನೆ ಹಿಡಿಯುವುದಿಲ್ಲ. ಒಂದು ಒರೆಸುವ ಬಟ್ಟೆ, ಒಂದು ಜೊತೆ ಹೆಚ್ಚುವರಿ ಉಡುಪನ್ನು ಸುರುಳಿಯ ಒಳಗೇ ಸುತ್ತಿಟ್ಟು, ಅದು ಎಲ್ಲಿದೆಯೆಂದು ಮಗುವಿಗೂ ಜೊತೆಗೆ ಹೋಗುವ ಒಬ್ಬ ಶಿಕ್ಷಕಿಗೂ ಮಾತ್ರ ತಿಳಿಸಿ.

ಶಿಬಿರದಿಂದ ಬಂದ ದಿನವೇ ಮ್ಯಾಟನ್ನು ಬಿಚ್ಚಿ, ಸಾಬೂನು ನೀರಿನಲ್ಲಿ ಒರೆಸಿ, ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಬಹಳ ಹೊತ್ತು ಹಾಕಿದರೆ ಫೋಮ್ ಗಡುಸಾಗಿ ಪುಡಿ ಉದುರತೊಡಗುತ್ತದೆ. ಜಾಗವಿದ್ದರೆ ಸುತ್ತಿಡುವ ಬದಲು ಮಂಚದ ಕೆಳಗೆ ಹರಡಿಡಿ. ಮಡಿಕೆ ಬೀಳದೆ ತಮ್ಮನಿಗೋ ತಂಗಿಗೋ ಬರುತ್ತದೆ.