ಎರಡಡಿ ತೊಟ್ಟಿಯಲ್ಲಿ ಕಡಲು: ಹಿಂಬದಿಯ ನಾಲ್ಕು ಇಂಚಿನಲ್ಲೇ ಫಿಲ್ಟರ್

ಸಿಹಿನೀರಿನ ಮೀನು ಸಾಕಿ ಕೈ ಪಳಗಿದವರು ಕಡಲ ಮೀನಿನತ್ತ ಹೊರಳಿದಾಗ ಎಡವುವುದು ಹೆಚ್ಚಾಗಿ ಫಿಲ್ಟರ್ ವಿಷಯದಲ್ಲಿ. ಮಡಿಕೇರಿ, ವಿರಾಜಪೇಟೆ ಕಡೆಯ ಮನೆಗಳಲ್ಲಿ ನಾನು ನೋಡಿದ ಉಪ್ಪುನೀರಿನ ತೊಟ್ಟಿಗಳಲ್ಲಿ ಅರ್ಧಕ್ಕರ್ಧ ಮೊದಲ ಮಳೆಗಾಲವನ್ನೇ ದಾಟಲಿಲ್ಲ. ಅವುಗಳಿಗೆ ಕೊಂಡ ಸಾಮಾನು ಕಡಿಮೆಯೇನೂ ಇರಲಿಲ್ಲ. ಕರೆಂಟ್ ಹೋದಾಗ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಾತ್ರ ಯಾರೂ ಲೆಕ್ಕ ಹಾಕಿರಲಿಲ್ಲ.

ಜಾಗ ಕಡಿಮೆಯಿದ್ದರೆ ತೊಟ್ಟಿಯ ಕೆಳಗೆ ಇನ್ನೊಂದು ತೊಟ್ಟಿ ಇಟ್ಟು ಪೈಪು ಎಳೆಯುವ ಗೋಜು ಬೇಡ. 24 ಇಂಚು ಉದ್ದ, 15 ಇಂಚು ಅಗಲ, 15 ಇಂಚು ಎತ್ತರದ ಒಂದೇ ತೊಟ್ಟಿ ತೆಗೆದುಕೊಂಡು, ಹಿಂಬದಿಯ ನಾಲ್ಕು ಇಂಚನ್ನು ಗಾಜಿನಿಂದ ಬೇರ್ಪಡಿಸಿ ಫಿಲ್ಟರ್ ಮಾಡಿಕೊಳ್ಳುವುದು ನನ್ನ ಪದ್ಧತಿ. ಇದರ ಪೂರ್ಣ ಅಳತೆ ಸುಮಾರು 88 ಲೀಟರ್. ಕಲ್ಲು, ಮರಳು ಮತ್ತು ಮೇಲಿನ ಖಾಲಿ ಜಾಗ ಕಳೆದರೆ 70 ಲೀಟರ್ ನೀರು ಎಂದಿಟ್ಟುಕೊಳ್ಳಬಹುದು.

ಅಡ್ಡಗೋಡೆಗಳಿಗೆ 5 ಮಿಲಿಮೀಟರ್ ಗಾಜನ್ನೇ ಬಳಸಿ. ಅಕ್ರಿಲಿಕ್ ಹಾಳೆ ಕತ್ತರಿಸಲು ಸುಲಭವೆಂದು ಅಂಗಡಿಯವರು ಹೇಳುತ್ತಾರೆ, ಆದರೆ ಅದು ನೀರು ಕುಡಿದು ಬಾಗುತ್ತದೆ, ಸಿಲಿಕಾನ್ ಅದನ್ನು ಗಟ್ಟಿಯಾಗಿ ಹಿಡಿಯುವುದೂ ಇಲ್ಲ. ಬಚ್ಚಲುಮನೆಗೆಂದು ಮಾರುವ, ಬೂಷ್ಟು ತಡೆಯುವ ಸಿಲಿಕಾನ್ ಅಂತೂ ಬೇಡವೇ ಬೇಡ. ಅದರಲ್ಲಿರುವ ವಿಷ ನೀರಿಗಿಳಿಯುತ್ತದೆ. ಅಂಟಿಸಿದ ಮೇಲೆ ಹುಳಿ ವಾಸನೆ ಪೂರ್ತಿ ಹೋಗುವವರೆಗೆ ಕಾಯಿರಿ.

ಮುಖ್ಯ ಕೆಲಸ ಇನ್ನು ಶುರುವಾಗುತ್ತದೆ. ಹಿಂಬದಿಯ ಜಾಗವನ್ನು ಎರಡು ಅಡ್ಡಗಾಜುಗಳಿಂದ ಮೂರು ಖಾನೆ ಮಾಡಬೇಕು. ಉದ್ದಕ್ಕೆ ನಿಲ್ಲುವ ಗೋಡೆಯ ಎಡ ತುದಿಯಲ್ಲಿ ಬಾಚಣಿಗೆಯ ಹಲ್ಲಿನಂತೆ ಸೀಳುಗಳಿರಬೇಕು. ಅವುಗಳ ಕೆಳ ಅಂಚು ತಳದಿಂದ 13 ಇಂಚಿನಲ್ಲಿರಲಿ. ಮೀನಿರುವ ಭಾಗದ ನೀರು 13.5 ಇಂಚಿನಲ್ಲಿ ನಿಂತು, ಮೇಲ್ಪದರದ ಜಿಡ್ಡಿನ ಸಮೇತ ಈ ಸೀಳುಗಳಿಂದ ಮೊದಲ ಖಾನೆಗೆ ಬೀಳುತ್ತದೆ. ಮೊದಲ ಅಡ್ಡಗಾಜನ್ನು ತಳದಿಂದ ಒಂದು ಇಂಚು ಮೇಲಕ್ಕೆ ಅಂಟಿಸಿದರೆ ನೀರು ಅದರ ಕೆಳಗಿನಿಂದ ಎರಡನೆಯ ಖಾನೆಗೆ ಹೋಗುತ್ತದೆ. ಎರಡನೆಯ ಅಡ್ಡಗಾಜು ತಳಕ್ಕೆ ಅಂಟಿಕೊಂಡು 11.5 ಇಂಚು ಎತ್ತರವಿರಬೇಕು. ನೀರು ಅದನ್ನು ಹತ್ತಿ ಇಳಿದು ಪಂಪ್ ಇರುವ ಮೂರನೆಯ ಖಾನೆಯನ್ನು ಸೇರುತ್ತದೆ. ಪಂಪ್ ಗಂಟೆಗೆ ಸುಮಾರು 700 ಲೀಟರ್ ಎತ್ತಿ ಮತ್ತೆ ಮುಂದಿನ ಭಾಗಕ್ಕೆ ಬಿಟ್ಟರೆ ಸಾಕು. ಹೀಗೆ ಮಾಡಿದಾಗ ಮೊದಲೆರಡು ಖಾನೆಗಳ ಮಟ್ಟ ಕದಲುವುದಿಲ್ಲ, ನೀರು ಆವಿಯಾದದ್ದೆಲ್ಲ ಮೂರನೆಯದರಲ್ಲೇ ಕಾಣಿಸಿಕೊಳ್ಳುತ್ತದೆ. ಆ ಪುಟ್ಟ ಖಾನೆಯಲ್ಲಿ ಒಂದು ಲೀಟರ್ ಕಡಿಮೆಯಾದರೂ ಮಟ್ಟ ಸುಮಾರು ಎರಡು ಇಂಚು ಇಳಿಯುವುದರಿಂದ ದಿನವೂ ಕಣ್ಣಿಟ್ಟಿರಬೇಕು. ತುಂಬಬೇಕಾದದ್ದು ಉಪ್ಪಿಲ್ಲದ ಶುದ್ಧ ನೀರು, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ. ಹೀಟರನ್ನು ಎರಡನೆಯ ಖಾನೆಯಲ್ಲಿಡಬೇಕು. ಪಂಪಿನ ಖಾನೆಯಲ್ಲಿಟ್ಟು, ನೀರಿಳಿದಾಗ ಒಣಗಿ ಸಿಡಿದ ಹೀಟರುಗಳನ್ನು ಕಂಡಿದ್ದೇನೆ.

ಈಗ ಸ್ವಿಚ್ ಆರಿಸಿ ನೋಡಿ. ಪಂಪ್ ನಿಂತ ಕೂಡಲೇ ಮುಂದಿನ ನೀರು ಸೀಳಿನ ಅಂಚಿನವರೆಗೆ ಅರ್ಧ ಇಂಚು ಇಳಿಯುತ್ತದೆ. ಇದೊಂದೇ ಎರಡು ಲೀಟರಿಗೂ ಹೆಚ್ಚು. ಪಂಪಿನಿಂದ ಮೇಲೆ ಬರುವ ಪೈಪಿನ ಬಾಯಿ ನೀರಿನೊಳಗೆ ಆಳದಲ್ಲಿದ್ದರೆ ಅದೇ ಪೈಪಿನ ಮೂಲಕ ನೀರು ಹಿಂದಕ್ಕೆ ಹರಿಯುತ್ತಾ, ಮುಂದೆ ಹಿಂದೆ ಒಂದೇ ಮಟ್ಟವಾಗುವವರೆಗೂ ನಿಲ್ಲುವುದಿಲ್ಲ. ಹಿಂದಿನ ಮಳೆಗಾಲದಲ್ಲಿ ಪರಿಚಯದವರೊಬ್ಬರ ಮನೆಯಲ್ಲಿ ಹೀಗೆಯೇ ಆಗಿ, ಮೊದಲ ಖಾನೆಯ ಮಟ್ಟ ಒಂದು ಇಂಚಿಗೂ ಮೇಲೇರಿತ್ತು. ಕರೆಂಟ್ ಬಂದಾಗ ಅಲ್ಲಿದ್ದ, ಗಾಳಿಗುಳ್ಳೆಗಳಿಂದ ಕೊಳೆಯನ್ನು ನೊರೆಯಾಗಿ ಎತ್ತಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ನೊರೆಯುಕ್ಕಿ, ವಾರವಿಡೀ ಅದರ ಬಟ್ಟಲಲ್ಲಿ ಸೇರಿದ್ದ ಕಾಫಿ ಡಿಕಾಕ್ಷನ್ ಬಣ್ಣದ ಕೊಳೆಯೆಲ್ಲ ನಮ್ಮ ಕಣ್ಣೆದುರೇ ತೊಟ್ಟಿಗಿಳಿಯಿತು. ಆದ್ದರಿಂದ ಪೈಪಿನ ಬಾಯಿ ನೀರಿನ ಮೇಲ್ಮೈಯಿಂದ ಅರ್ಧ ಇಂಚಿಗಿಂತ ಕೆಳಗೆ ಹೋಗಕೂಡದು. ನೀರು ಅಷ್ಟು ಇಳಿದೊಡನೆ ಅದು ಗಾಳಿ ಎಳೆದು ಹರಿವು ತುಂಡಾಗುತ್ತದೆ. ಪೈಪಿಗೆ ತೂತು ಕೊರೆದರೆ ಸಾಕೆನ್ನುವವರಿದ್ದಾರೆ, ಆದರೆ ಪಾಚಿ ಕಟ್ಟಿದ ತೂತು ಕೆಲಸಕ್ಕೆ ಬಾರದು. ಹೀಗೆ ಇಳಿದು ಬರುವ ನೀರಿಗೆ ಜಾಗವಿರುವಂತೆ, ಮೂರನೆಯ ಖಾನೆಯ ಗಾಜಿನ ಮೇಲೆ ತಳದಿಂದ ಏಳು ಇಂಚಿಗೆ ಮಾರ್ಕರಿನಿಂದ ಗೆರೆ ಎಳೆದು, ಪಂಪ್ ಓಡುತ್ತಿರುವಾಗ ಅದಕ್ಕಿಂತ ಮೇಲೆ ಎಂದೂ ನೀರು ತುಂಬಬೇಡಿ.

ಮರ ಬಿದ್ದು ತಂತಿ ಕಡಿದರೆ ನಮ್ಮಲ್ಲಿ ಕರೆಂಟ್ ಒಂದೆರಡು ಗಂಟೆಯಲ್ಲಿ ಬರುವುದಿಲ್ಲ. ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ನನಗೆ ಸೇರದಿರುವುದೂ ಇದೇ ಕಾರಣಕ್ಕೆ: ಹರಿವು ನಿಂತಾಗ ಅದರೊಳಗಿನ ಬ್ಯಾಕ್ಟೀರಿಯಾ ಆಮ್ಲಜನಕವಿಲ್ಲದೆ ಸತ್ತು, ಕರೆಂಟ್ ಬಂದಾಗ ಕೊಳೆತ ನೀರು ಒಮ್ಮೆಲೇ ಮೀನಿನ ಮೇಲೆ ಬೀಳುತ್ತದೆ. ತೆರೆದ ಖಾನೆಗೆ ಆ ಭಯ ಕಡಿಮೆ. ಬ್ಯಾಟರಿಯಿಂದ ಓಡುವ ಏರ್ ಪಂಪ್ ಒಂದು ಮನೆಯಲ್ಲಿರಲಿ.

ಖಾನೆಗಳಿಗೆ ತುಂಬುವುದು ಸುಲಭ. ಮೊದಲನೆಯದರಲ್ಲಿ ಕೊಳೆ ಹಿಡಿಯುವ, ಹತ್ತಿಯಂಥ ಬಿಳಿ ಫ್ಲಾಸ್ ಮತ್ತು ಸ್ಕಿಮ್ಮರ್, ಎರಡನೆಯದರಲ್ಲಿ ರಂಧ್ರಗಳಿರುವ ಸೆರಾಮಿಕ್ ತುಂಡುಗಳು ಮತ್ತು ಒಂದು ಚೀಲ ಸಕ್ರಿಯ ಇದ್ದಿಲು (ಆ್ಯಕ್ಟಿವೇಟೆಡ್ ಕಾರ್ಬನ್). ಫ್ಲಾಸನ್ನು ಮೂರು ದಿನಕ್ಕೊಮ್ಮೆ ಎಸೆಯಬೇಕು. ಬಿಟ್ಟರೆ ಅದರಲ್ಲಿ ಸಿಕ್ಕಿದ ಕೊಳೆ ಅಲ್ಲೇ ನೈಟ್ರೇಟ್ ಆಗಿ ನೀರನ್ನು ಕೆಡಿಸುತ್ತದೆ. ಬಯೋಬಾಲ್ ಎಂಬ ಪ್ಲಾಸ್ಟಿಕ್ ಉಂಡೆಗಳು ಮತ್ತು ಮರಳಿನಡಿಯ ಪ್ಲೇಟ್ ಫಿಲ್ಟರ್ ಇವೂ ಕೊಳೆ ಹಿಡಿದಿಟ್ಟು ಅದೇ ಕೆಲಸ ಮಾಡುತ್ತವೆ. ಗಾಳಿಗುಳ್ಳೆಯ ಕಲ್ಲು ಹಾಕಿದ ಅಗ್ಗದ ಸ್ಕಿಮ್ಮರುಗಳೆರಡನ್ನು ಕೊಂಡು ಎಸೆದಿದ್ದೇನೆ. ಒಳ್ಳೆಯದು ಸಿಗದಿದ್ದರೆ ಸ್ಕಿಮ್ಮರನ್ನೇ ಬಿಟ್ಟು, ವಾರಕ್ಕೊಮ್ಮೆ ಏಳು ಲೀಟರ್ ನೀರು ಬದಲಿಸಿ. ನಿಜವಾದ ಫಿಲ್ಟರ್ ಎಂದರೆ ಬ್ಯಾಕ್ಟೀರಿಯಾ ನೆಲೆಸುವ, ಮುಂದಿನ ಭಾಗದ ಕಲ್ಲುಗಳೇ; ಏಳೆಂಟು ಕಿಲೋ ಹಗುರವಾದ, ತೂತುತೂತಾದ ಒಣ ಕಲ್ಲು ಬೇಕು. ಕಡಲತೀರದಿಂದ ಹವಳದ ತುಂಡು ಹೆಕ್ಕಿ ತರಬೇಡಿ, ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಮಂಗಳೂರಿನಿಂದ ಕ್ಯಾನಿನಲ್ಲಿ ಕಡಲ ನೀರು ತರುವ ಆಸೆ ಹಲವರಿಗಿದೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳು ಸೇರುವ ಆ ನೀರಿನಲ್ಲಿ ಉಪ್ಪಿನಂಶ ಇಳಿದಿರುತ್ತದೆ. ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸಿ, 25 ಡಿಗ್ರಿಯಲ್ಲಿ ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗೆ ಹೋಲಿಸಿದ ಸಾಂದ್ರತೆ) 1.025 ಬರುವಂತೆ ನೋಡಿಕೊಳ್ಳುವುದೇ ಸರಿ. ಅಡುಗೆಮನೆಯ ಯಂತ್ರದಲ್ಲಿ ಖನಿಜ ಬೆರೆಸುವ ಡಬ್ಬಿಯಿದ್ದರೆ, ಅದಕ್ಕಿಂತ ಮೊದಲೇ ನೀರು ಹಿಡಿಯಿರಿ. ತೋಟದ ಮನೆಯವರಿಗೆ ಇನ್ನೊಂದು ಮಾತು: ಬೋರ್ಡೋ ದ್ರಾವಣ ಕಲಸಿದ ಬಕೆಟನ್ನು ಎಷ್ಟೇ ತೊಳೆದರೂ ತೊಟ್ಟಿಯ ಹತ್ತಿರ ತರಬೇಡಿ. ಮೈಲುತುತ್ತದ ತಾಮ್ರ ಲವಲೇಶವಿದ್ದರೂ ಸಿಗಡಿ, ಬಸವನಹುಳು, ಹವಳ ಯಾವುದೂ ಉಳಿಯುವುದಿಲ್ಲ.

ಎಲ್ಲವೂ ಓಡತೊಡಗಿದ ಮೇಲೆ ಮಾರುಕಟ್ಟೆಯಿಂದ ತಂದ ಒಂದು ಸಿಗಡಿಯನ್ನು ತೊಟ್ಟಿಯಲ್ಲಿ ಕೊಳೆಯಲು ಬಿಡಿ. ಅದರಿಂದ ಹುಟ್ಟುವ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಇವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಮಡಿಕೇರಿಯ ಚಳಿಯಲ್ಲಿ ಇನ್ನೂ ತಡವಾಗುವುದರಿಂದ ಮೀನಿಲ್ಲದಿದ್ದರೂ ಹೀಟರ್ ಹಾಕಿ 26 ಡಿಗ್ರಿ ಇಟ್ಟಿರಿ. ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆಗಿಳಿದು ಒಂದು ವಾರ ಹಾಗೆಯೇ ನಿಂತ ಮೇಲೆ, ಅಂಗಡಿಯವರು ಎಷ್ಟೇ ಒತ್ತಾಯಿಸಿದರೂ, ಒಂದೇ ಒಂದು ಚಿಕ್ಕ ಕ್ಲೌನ್ ಮೀನು ತಂದು ಬಿಡಿ.